ಕೃಷ್ಣಪ್ಪನ ಕೋಳಿಗೂಡು ಮತ್ತು ದೇವಯ್ಯನ ಮೂಗು

ಕೃಷ್ಣಪ್ಪನಿಗೆ ಮುಖದ ತುಂಬ ಮೂಗಿತ್ತು. ಆದರೆ ಕನ್ನಡಕ ಕೂರಿಸುವುದಕ್ಕೆ ಬಿಟ್ಟರೆ ಅದು ಮತ್ಯಾವುದಕ್ಕೂ ಒದಗುತ್ತಿರಲಿಲ್ಲ. ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಷ್ಟು ಕಾಲವೂ ನಿದ್ದೆ ಬಾರದಿರಲೆಂದು ನಸ್ಯ ಏರಿಸಿ ಏರಿಸಿ ಅದನ್ನು ಸುಟ್ಟುಕೊಂಡಿದ್ದ. ಅವನಿಗೆ ಮಲ್ಲಿಗೆಯೂ ಒಂದೇ, ಡೀಸೆಲ್ಲೂ ಒಂದೇ. ಇಂಥ ಮನುಷ್ಯ ಕೆಲಸ ಬಿಟ್ಟ ಮೇಲೆ ಹೊಳೆನರಸೀಪುರದ ತನ್ನ ಮನೆಯ ಹಿತ್ತಿಲಲ್ಲಿ ನಾಟಿಕೋಳಿ ಸಾಕಿದ.

ಕೋಳಿಗಳಿಗೆಲ್ಲ ಬಸ್ಸು ನಿಲ್ಲುವ ಊರುಗಳ ಹೆಸರು. "ಹಳ್ಳಿಮೈಸೂರು ಇವತ್ತು ಮೊಟ್ಟೆ ಇಟ್ಳು, ಅರಕಲಗೂಡು ಕಾವಿಗೆ ಕೂತವ್ಳೆ" ಎಂದು ಬೀದಿಗೆಲ್ಲ ಸುದ್ದಿ ಹೇಳುತ್ತಿದ್ದ. ಹೊತ್ತುಗೊತ್ತಿಲ್ಲದೆ ಕೂಗುವ ಕೆಂಪು ಹುಂಜದ ಹೆಸರು ನಾನ್‌ಸ್ಟಾಪ್. ಸಂಜೆ ಹಳೆಯ ಸೀಟಿ ಊದಿದರೆ ಸಾಕು, ಎಲ್ಲವೂ ಸೀಟು ಹಿಡಿಯುವವರ ಹಾಗೆ ನೂಕಾಡಿಕೊಂಡು ಗೂಡು ಹತ್ತುತ್ತಿದ್ದವು. ಅವನ ಮನೆಯಲ್ಲಿ ಕೋಳಿಸಾರು ನಿಂತೇಹೋಯಿತು. ಹೆಸರಿಟ್ಟವರನ್ನು ತಿನ್ನುವುದು ಹೇಗೆ?

ಅದೇ ಬೀದಿಯ ಕೊನೆಮನೆಯ ದೇವಯ್ಯ, ಹಳ್ಳಿಮೈಸೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು, ದಿನಾ ಬೆಳಿಗ್ಗೆ ಕಾಫಿಗೆ ಬರುತ್ತಿದ್ದ. ಹಿತ್ತಿಲಿನ ಕಡೆಯಿಂದ ಬರುವ ವಾಸನೆಗೆ ಕಾಫಿಯ ಲೋಟದೊಳಕ್ಕೇ ಮೂಗು ಇಳಿಬಿಟ್ಟು ಕೂತಿರುತ್ತಿದ್ದ. ಗೆಳೆಯನ ಸಂತೋಷ ಕೆಡಿಸಲು ಮನಸ್ಸಾಗದೆ ಸುಮ್ಮನಿದ್ದ. ಆದರೆ ಪಕ್ಕದ ಮನೆಯ ಆಶಾರಾಣಿ ಸುಮ್ಮನಿರಲಿಲ್ಲ.

"ಕೃಷ್ಣಪ್ಪಣ್ಣ, ಬರೋ ಭಾನುವಾರ ನಮ್ಮ ಅನುಶ್ರೀ ಬೀಗರೂಟ. ನಿಮ್ಮ ಗೂಡಿನ ಹಿಂದಿನ ಸೈಟಲ್ಲೇ ಶಾಮಿಯಾನ. ವಾಸ್ನೆ ತಡೀನಾರ್ದೆ ಬೀಗ್ರು ಎಲೆ ಮುಂದಿಂದ ಎದ್ದೋದ್ರೆ ನನ್ನ ಮಗಳು ಆ ಮನೇಲಿ ಎಂಗೆ ತಲೆ ಎತ್ತಾಳು?"

"ವಾಸ್ನೆ ಎಲ್ಲೈತವ್ವಾ? ನಂಗೇನೂ ಬರ್ತಾ ಇಲ್ವಲ್ಲ!"

"ನಿಮಗೆ ಟೈರ್ ಸುಟ್ರೂ ಬರಕಿಲ್ಲ ಬುಡಿ."

ಕೃಷ್ಣಪ್ಪ ತಿರುಗಿ ದೇವಯ್ಯನನ್ನು ನೋಡಿದ. ದೇವಯ್ಯ ಕಾಫಿಯನ್ನು ನೋಡಿದ. ಅಷ್ಟರಲ್ಲಿ ಕೃಷ್ಣಪ್ಪನ ಹೆಂಡತಿ ಚಿಕ್ಕಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಶನಿವಾರದೊಳಗೆ ವಾಸ್ನೆ ಓಗ್ನಿಲ್ಲ ಅಂದ್ರೆ ಅಷ್ಟೂ ಕೋಳೀನೂ ನಿನ್ನ ಬೀಗರೂಟದ ಅಂಡೆಗೇ ಕಳಿಸ್ಬುಡ್ತೀನಿ ಕಣವ್ವ. ಅಡುಗೆಯೋರಿಗೆ ಮಸಾಲೆ ಒಸಿ ಜಾಸ್ತಿ ಅರಿಯಾಕೆ ಯೋಳು." ಅವಳು ಆಡಿದ ಮಾತು ತಪ್ಪುವವಳಲ್ಲ.

ಅವತ್ತಿನಿಂದ ದೇವಯ್ಯನ ಮೂಗು ಕೃಷ್ಣಪ್ಪನ ಕೆಲಸಕ್ಕೆ ಸೇರಿತು. ಗೂಡಿನ ಬಾಗಿಲಲ್ಲಿ ಬಗ್ಗಿ ಮೂಸಬೇಕು. ವಾಸನೆ ಇಲ್ಲದಿದ್ದರೆ "ರೈಟ್", ಇದ್ದರೆ "ಹೋಲ್ಡಾನ್".

ಕಂಡಕ್ಟರಿಗೆ ಗೊತ್ತಿದ್ದ ಶುದ್ಧಿ ಒಂದೇ, ಬಸ್ಸು ತೊಳೆಯುವುದು. ಕೊಳಾಯಿಗೆ ಪೈಪು ಸಿಕ್ಕಿಸಿ, ಬೆಳಿಗ್ಗೆ ಸಂಜೆ ಗೂಡಿನ ನೆಲಕ್ಕೆ ನೀರು ಬಿಟ್ಟ. ಹೋಲ್ಡಾನ್. ಅಂಗಳದ ಹಾಗೆ ಸಗಣಿ ಹಾಕಿ ಸಾರಿಸಿದ. ಹೋಲ್ಡಾನ್. ಫಿನಾಯಿಲ್ ಸುರಿದ, ಸಾಂಬ್ರಾಣಿ ಹಾಕಿದ. ನಾನ್‌ಸ್ಟಾಪ್ ಹೊಗೆಯಿಂದ ದೇವರು ಪ್ರತ್ಯಕ್ಷವಾದಂತೆ ಹೊರಬಂದು ಸೀನಿತು. ಕೊನೆಗೆ ವಾಸನೆ ಬೀಗರ ಕಡೆ ಹೋಗದಿರಲೆಂದು ಗೂಡಿನ ತಂತಿಬಲೆಗೆಲ್ಲ ಟಾರ್ಪಾಲು ಬಿಗಿದ. ಮರುದಿನ ದೇವಯ್ಯ ಬಾಗಿಲಲ್ಲಿ ಬಗ್ಗಿದವನು ಕಣ್ಣಲ್ಲಿ ನೀರು ಸುರಿಸುತ್ತ ಹಿತ್ತಿಲ ಬೇಲಿಯವರೆಗೂ ಓಡಿದ.

"ಎಂಗೈತೆ ಮಾಸ್ಟ್ರೇ?"

"ಬಸ್ಸು ಪಲ್ಟಿ ಆಗೈತೆ ಕಣಯ್ಯ!"

ಗುರುವಾರ ಕೊಳಾಯಿಯಲ್ಲಿ ನೀರು ಬರಲಿಲ್ಲ. ಶುಕ್ರವಾರವೂ ಇಲ್ಲ. ರಾತ್ರಿಯ ಗಾಳಿಗೆ ಟಾರ್ಪಾಲಿನ ಒಂದು ಮಗ್ಗುಲು ಕಿತ್ತುಹೋಗಿತ್ತು. ಕೃಷ್ಣಪ್ಪ ಕೈಚೆಲ್ಲಿ ಜಗಲಿಯ ಮೇಲೆ ಕೂತಿದ್ದ. ದೇವಯ್ಯ ಮೂಗಿಗೆ ಟವೆಲು ಕಟ್ಟಿಕೊಂಡೇ ಬಗ್ಗಿದ, ಆಮೇಲೆ ಟವೆಲು ತೆಗೆದ, ಇನ್ನೂ ಬಗ್ಗಿದ.

"ಇವತ್ತು ಏನು ಹಾಕಿದೆ?"

"ಏನ್ ಆಕಾನ ಮಾಸ್ಟ್ರೇ, ನೀರೇ ಬರ್ನಿಲ್ಲ."

ಟಾರ್ಪಾಲು ಕಿತ್ತುಹೋದ ಕಡೆಯ ನೆಲ ಒಣಗಿ ಬಿರಿದಿತ್ತು, ಅಲ್ಲಿ ವಾಸನೆಯೇ ಇಲ್ಲ. ಟಾರ್ಪಾಲಿನ ಕೆಳಗಿನ ಒದ್ದೆ ಮೂಲೆ ಮಾತ್ರ ಘಮಘಮಿಸುತ್ತಿತ್ತು. ಇಷ್ಟು ದಿನ ವಾಸನೆಗೆ ನೀರೆರೆದು ಬೆಳೆಸಿದ್ದು ತಾವೇ! ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ಯಾರು ನಕ್ಕರೋ, ಗೂಡಿನ ಕಂಬ ಹಿಡಿದುಕೊಂಡು ನಕ್ಕರು. ಕೋಳಿಗಳು ಹೆದರಿ ಬೇಲಿ ಹತ್ತಿದವು.

ಆಮೇಲೆ ನಡೆದದ್ದೆಲ್ಲ ಓಟ. ಒದ್ದೆಯನ್ನೆಲ್ಲ ಕೆರೆದು ತಿಪ್ಪೆಗೆ ಹಾಕಿದರು. ಟಾರ್ಪಾಲು ಬಿಚ್ಚಿದರು. ಚೆಲ್ಲಾಡುವ ನೀರಿನ ಬೋಗುಣಿಯನ್ನು ಗೂಡಿನಿಂದ ಹೊರಗಿಟ್ಟರು. ನೆಲಕ್ಕೆ ಹಾಸಲು ಒಣಗಿದ್ದು ಏನಾದರೂ ಬೇಕಲ್ಲ? ಚನ್ನರಾಯಪಟ್ಟಣದ ದಾರಿಯಲ್ಲಿ ತೆಂಗಿನ ನಾರು ಬಿಡಿಸುವ ಕಾರ್ಖಾನೆ ಇತ್ತು. ಅಲ್ಲಿ ನಾರಿನ ಪುಡಿ ಗುಡ್ಡದಂತೆ ಬಿದ್ದಿರುವುದನ್ನು ಕೃಷ್ಣಪ್ಪ ವರ್ಷಗಟ್ಟಲೆ ಫುಟ್‌ಬೋರ್ಡಿನ ಮೇಲೆ ನಿಂತು ನೋಡಿದ್ದ. ಅವನ ಹಳೇ ಬಸ್ಸಿನಲ್ಲೇ ಇಬ್ಬರೂ ಹೋಗಿ ಮೂಟೆಗಳನ್ನು ಹಿಂದಿನ ಸೀಟಿಗೆ ತುಂಬಿಕೊಂಡು ಬಂದರು. ದಾರಿಯಲ್ಲಿ ಒಂದು ಮೂಟೆಯ ಬಾಯಿ ಬಿಚ್ಚಿಕೊಂಡು, ಕಿಟಕಿಯ ಗಾಳಿಗೆ ಪುಡಿಯೆಲ್ಲ ಎದ್ದು, ಬಸ್ಸಿಗೆ ಬಸ್ಸೇ ಸೀನತೊಡಗಿತು. ದೇವಯ್ಯನ ಬಿಳಿ ಅಂಗಿ ಕಂದುಬಣ್ಣಕ್ಕೆ ತಿರುಗಿತ್ತು. ಹೊಸ ಕಂಡಕ್ಟರು ರಜನೀಶ್ ಕೂಗಿದ: "ಯಾರ್ರೀ ಇದು ಲಗೇಜು?" ಹಳೇ ಕಂಡಕ್ಟರು ಕಿಟಕಿಯಾಚೆಯ ಗದ್ದೆಯನ್ನು ಬಹಳ ಆಸಕ್ತಿಯಿಂದ ನೋಡುತ್ತ ಕೂತಿದ್ದ.

ಪುಡಿಗೆ ಒಲೆಬೂದಿ ಬೆರೆಸಿ ದಪ್ಪಕ್ಕೆ ಹಾಸಿದರು. ಕೋಳಿಗಳು ಇಳಿದು ಕೆದರಿ, ಮೈತುಂಬ ಎರಚಿಕೊಂಡು ಹೊರಳಾಡಿದವು. ಶನಿವಾರ ಸಂಜೆ ಚಿಕ್ಕಮ್ಮ ಸೌಟು ಹಿಡಿದು ತೀರ್ಪಿಗೆ ಬಂದು ನಿಂತಳು. ದೇವಯ್ಯ ಮಂಡಿಯೂರಿ, ನೆಲಕ್ಕೆ ಮೂಗು ತಾಗಿಸಿ, ಬೇಕೆಂದೇ ತಡಮಾಡಿದ.

"ರೈಟ್!"

ಕೃಷ್ಣಪ್ಪ ಸೀಟಿ ಊದಿದ ರಭಸಕ್ಕೆ ಬೀದಿಯ ನಾಯಿಗಳೆಲ್ಲ ಎದ್ದವು.

ಭಾನುವಾರ ಶಾಮಿಯಾನದಲ್ಲಿ ಜನವೋ ಜನ. ಗಾಳಿ ನೇರ ಎಲೆಗಳ ಕಡೆಗೇ ಬೀಸುತ್ತಿತ್ತು. ವಾಸನೆ ತಿಳಿಯದ ಕೃಷ್ಣಪ್ಪ ಬೇಲಿಯ ಹಿಂದೆ ನಿಂತು ಬೀಗರ ಮೂಗುಗಳನ್ನೇ ಕಾಯುತ್ತಿದ್ದ. ವರನ ಸೋದರಮಾವ ಗೌರೀಶಂಕರ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಮೂಗು ಎತ್ತಿದ. ಕೃಷ್ಣಪ್ಪ ಪಕ್ಕದಲ್ಲಿ ನಿಂತಿದ್ದ ದೇವಯ್ಯನ ಕೈ ಹಿಡಿದುಕೊಂಡ. ಆಶಾರಾಣಿಯ ಕೈಯ ಸಾರಿನ ಬಕೆಟ್ಟು ಅಲ್ಲೇ ನಿಂತಿತು.

"ಏನವ್ವಾ ಇದು," ಗೌರೀಶಂಕರ ಹೇಳಿದ, "ಸಾರು ಬೊಂಬಾಟಾಗೈತೆ. ಇನ್ನೊಂದ್ ಸೌಟು ಆಕು."

ಊಟ ಮುಗಿಯುವ ಹೊತ್ತಿಗೆ ಆಶಾರಾಣಿ ತಾನೇ ಒಂದು ಡಬರಿ ಸಾರು ತಂದು ಕೊಟ್ಟಳು. ಎಷ್ಟೋ ಕಾಲದ ಮೇಲೆ ಕೃಷ್ಣಪ್ಪ ಕೋಳಿಸಾರು ಉಂಡ. ಅಡುಗೆಮನೆಯ ಹಿತ್ತಿಲ ಕಿಟಕಿ ಮುಚ್ಚಿ, ನಾನ್‌ಸ್ಟಾಪಿಗೆ ಕಾಣದ ಹಾಗೆ.

ಹೋದ ಆಷಾಢದಲ್ಲಿ ಕೃಷ್ಣಪ್ಪ ತೀರಿಕೊಂಡ. ಎದೆನೋವು ಅಂದ, ಹಾಸನದ ಆಸ್ಪತ್ರೆ ತಲುಪುವುದರೊಳಗೆ ಇರಲಿಲ್ಲ. ತಿಥಿ ಮುಗಿದ ಮರುದಿನ ಬೆಳಿಗ್ಗೆ ದೇವಯ್ಯ ಎಂದಿನಂತೆ ಬಂದ. ಕೋಳಿಗಳನ್ನು ಮಾರಿಬಿಡಿ ಎಂದು ನೆಂಟರೆಲ್ಲ ಚಿಕ್ಕಮ್ಮನಿಗೆ ಹೇಳುತ್ತಿದ್ದರು. ಇನ್ನು ಅವನ್ನು ನೋಡಿಕೊಳ್ಳುವವರು ಯಾರು, ಮತ್ತೆ ವಾಸನೆ ಎದ್ದರೆ? ದೇವಯ್ಯ ಗುದ್ದಲಿ ತೆಗೆದುಕೊಂಡು ನಾರಿನ ಪುಡಿಯನ್ನು ಮೇಲೆ ಕೆಳಗೆ ಮಾಡಿದ, ಬೂದಿ ಎರಚಿದ. ಆಮೇಲೆ ಬಾಗಿಲಲ್ಲಿ ಬಗ್ಗಿದ.

ಚಿಕ್ಕಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು.

"ಎಂಗೈತೆ ಮಾಸ್ಟ್ರೇ?"

ಅತ್ತು ಅತ್ತು ಅವನ ಮೂಗು ಕಟ್ಟಿಹೋಗಿತ್ತು. ಒಂದಿಷ್ಟೂ ವಾಸನೆ ತಿಳಿಯಲಿಲ್ಲ. ಕೃಷ್ಣಪ್ಪನ ಮೂಗು ಹೀಗೇ ಇದ್ದಿರಬೇಕು.

"ರೈಟ್," ಅಂದ ದೇವಯ್ಯ.

ನಾನ್‌ಸ್ಟಾಪ್ ಅವನ ಹೆಗಲ ಮೇಲೆ ಹಾರಿ ಕೂತು ಕೂಗಿತು.