ಮರ ಹತ್ತುವವನಿಗೂ ವ್ಯಾಯಾಮವೇ?

ದಿನಕ್ಕೆ ಮೂವತ್ತು ತೆಂಗಿನಮರ ಹತ್ತುವವನಿಗೆ ಯಾರಾದರೂ ‘ಎಕ್ಸರ್‌ಸೈಜ್ ಮಾಡಿ’ ಎಂದರೆ ಹೇಗಾಗಬೇಕು?

ಕಾರವಾರದ ಫಿಸಿಯೋಥೆರಪಿ ಹುಡುಗಿ ನನಗೆ ಹಾಗೆಂದಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮರ ಹತ್ತಿದವನು ನಾನು. ವ್ಯಾಯಾಮವೆಂದರೆ ಕೆಲಸವಿಲ್ಲದವರ ಕೆಲಸ ಎಂದೇ ತಿಳಿದಿದ್ದೆ.

ಆದರೆ ಎಡ ಮೊಣಕಾಲ ಚಿಪ್ಪು ಮಾತು ಕೇಳುತ್ತಿರಲಿಲ್ಲ. ಪಾದಗಳಿಗೆ ಹಗ್ಗದ ಬಳೆ ಹಾಕಿ ಮೈಯನ್ನು ಮೇಲಕ್ಕೆ ತಳ್ಳಿದಾಗಲೆಲ್ಲ ಒಳಗೆ ಸೂಜಿ. ನಮ್ಮೂರು ಅವರ್ಸಾದಿಂದ ಕಾರವಾರಕ್ಕೆ ಬಸ್ಸಿನಲ್ಲಿ ಕಾಲು ಮಡಚಿ ಕೂತರೂ ನೋವು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಮೂಳೆ ಡಾಕ್ಟರು ಈ ಹುಡುಗಿಯ ಬಳಿ ಕಳಿಸಿದ್ದರು.

ಹೆಂಡತಿಯ ಅಣ್ಣ ಮಾತ್ರ ಬೇರೆ ಮದ್ದು ಹುಡುಕಿದ್ದ. “ಮರ ಹತ್ತೂದು ಸಾಕು ಮಾರಾಯಾ. ತೋಡೂರ ಬದಿಗೆ ಗೇಟ್ ಕಾಯೂಕೆ ಜನ ಬೇಕಂತೆ. ಖುರ್ಚಿ ಕೊಡ್ತ್ರು.” ಹೆಂಡತಿಯೂ ತಲೆಯಾಡಿಸಿದಳು. ಮೂವತ್ತು ವರ್ಷ ಯಾರ ಗೇಟಿಗೂ ಸಲಾಂ ಹೊಡೆಯದವನಿಗೆ ಖುರ್ಚಿಯ ಆಸೆ ತೋರಿಸುತ್ತಾರೆ!

ಹುಡುಗಿ ನನ್ನನ್ನು ಗಿಡ್ಡ ಮೆಟ್ಟಿಲಿಂದ ಒಂಟಿಕಾಲಲ್ಲಿ ಇಳಿಸಿ ನೋಡಿದಳು. ಮೊಣಕಾಲು ಒಳಕ್ಕೆ ವಾಲಿತು. ತೊಡೆ, ಸೊಂಟ ಮಾಡಬೇಕಾದ ಕೆಲಸವೆಲ್ಲ ಚಿಪ್ಪಿನ ಮೇಲೆ ಬೀಳುತ್ತಿದೆ ಎಂದಳು. ಮಲಗಿ ಕಾಲೆತ್ತುವುದು, ಗೋಡೆಗೊರಗಿ ಅರ್ಧ ಕೂರುವುದು. ಹತ್ತತ್ತು ಸಲ, ದಿನಕ್ಕೆರಡು ಹೊತ್ತು.

ಹತ್ತೇ? ಹತ್ತು ಮರ ಹತ್ತಿ ಮನೆಗೆ ಹೋದವನನ್ನು ನಮ್ಮೂರಲ್ಲಿ ಯಾರಾದರೂ ಕೆಲಸಗಾರನೆನ್ನುತ್ತಾರೆಯೇ? ನಾನು ನೂರು ಮಾಡಿದೆ. ಕಾಲಿಗೆ ಸಿಪ್ಪೆ ಸಹಿತ ಎರಡು ತೆಂಗಿನಕಾಯಿ ಕಟ್ಟಿಕೊಂಡು!

ಮೂರನೇ ದಿನ ಮೊಣಕಾಲು ಊದಿತು. ಭಾವ ಖುಷಿಯಿಂದ ಗೇಟಿನ ಸುದ್ದಿ ಮತ್ತೆ ತೆಗೆದ. ನಾನು ಜಗಳಕ್ಕೆಂದೇ ಕಾರವಾರಕ್ಕೆ ಹೋದೆ. ಎಷ್ಟು ಮಾಡಿದಿರಿ ಎಂದು ಕೇಳಿದಳು. ಹೇಳಿದೆ.

“ಇದು ಗುತ್ತಿಗೆ ಕೆಲಸ ಅಲ್ಲ ಮಾಮಾ, ಬೇಗ ಮುಗಿಸೂಕೆ,” ಎಂದಳು.

ಮರ ಇಳಿಯುವುದು ಹೇಗೆಂದೂ ಕೇಳಿದಳು. ಕೊನೆಯ ಆಳೆತ್ತರ ಜಿಗಿಯುತ್ತೇನೆ ಎಂದೆ, ಹೆಮ್ಮೆಯಿಂದಲೇ. ಅದನ್ನು ಬಿಡಬೇಕಂತೆ. ಮರ ಬಿಡಬೇಕಾಗಿಲ್ಲ, ದಿನಕ್ಕೆ ಐದು ಮರದಿಂದ ಶುರುಮಾಡಬೇಕು. ನೋವು ಹೆಚ್ಚಿ ಮರುದಿನಕ್ಕೂ ಉಳಿದರೆ ಕಡಿಮೆ ಮಾಡಬೇಕು. ಅವಳು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು: ಮರ ಬಿಡಬೇಕಾಗಿಲ್ಲ.

ವ್ಯಾಯಾಮ ಹತ್ತೆಂದರೆ ಹತ್ತೇ ಸಲ ಮಾಡಿದೆ. ನನ್ನ ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ. ಒಂದೊಂದೇ ಹೆಜ್ಜೆಯಿಟ್ಟು ಮರ ಇಳಿಯುವುದನ್ನು ನೋಡಿ ಅಂಕೋಲೆಯ ತೋಟದ ಯಜಮಾನರೊಬ್ಬರು “ವಯಸ್ಸಾಯ್ತನಾ?” ಎಂದು ನಕ್ಕರು. ನಗಲಿ. ಕಾಯಿ ಕೆಳಗೆ ಬಿದ್ದಿದೆಯಲ್ಲ?

ನಾಲ್ಕು ತಿಂಗಳಾಯಿತು. ಈಗ ಇಪ್ಪತ್ತು ಮರ. ನೋವು ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಗೇಟಿಗೆ ಮಾತ್ರ ಹೋಗಿಲ್ಲ, ಹೋಗುವುದೂ ಇಲ್ಲ.

ಕ್ರಿಕೆಟಿಗನ ಮೊಣಕಾಲು ನೊಂದರೆ ಅವನನ್ನು ಮತ್ತೆ ಮೈದಾನಕ್ಕಿಳಿಸಲು ಹತ್ತು ಜನ ಓಡಾಡುತ್ತಾರೆ. ನಮ್ಮದು ನೊಂದರೆ ಕೆಲಸ ಬಿಡು ಎನ್ನುತ್ತಾರೆ.

ಆಡುವ ಕಾಲಿಗಿರುವ ಮರ್ಯಾದೆ ದುಡಿಯುವ ಕಾಲಿಗೇಕಿಲ್ಲ?