ನನ್ನ ಹೆಂಡತಿ ಮಾಡಿದ ಕೊನೆಯ ಬಾಸಿಂಗ

ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದ ಕಾಲಕ್ಕೆ ಒಮ್ಮೆ ನನ್ನ ದವಡೆ ಹಲ್ಲೊಂದು ಮುರಿಯಿತು. ನಾಸಿಕದ ಡಾಕ್ಟರು ಅದಕ್ಕೆ ಕ್ರೌನ್ ಹಾಕಬೇಕೆಂದರು. ಮನೆಗೆ ಬಂದು ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸದೆ ಕೇಳಿದಳು.

"ಅಂದ್ರ ಹಲ್ಲಿಗೆ ಕಿರೀಟ?"

"ಹಂಗ ಅನ್ನು."

"ತಲಿಗಂತೂ ಯಾರೂ ಇಡಲಿಲ್ಲ. ಹಲ್ಲಿಗಾದ್ರೂ ಇಟ್ರಲ್ಲ, ಬಿಡ್ರಿ."

ಕೈಗಡಿಯಾರಕ್ಕೆ ಕೀಲಿ ಕೊಡುವ ಗುಂಡಿಗೂ ಕ್ರೌನ್ ಅನ್ನುತ್ತಾರೆಂದು ನಾನು ಹೇಳಿದ್ದು ಅವಳಿಗೆ ಇನ್ನೂ ನಗು ತರಿಸಿತು. ಅಂದಿನಿಂದ ಅನಾನಸು ತಂದರೆ ಅದರ ತಲೆಯ ಗರಿ ಕತ್ತರಿಸುವಾಗ "ರಾಜ್ಯ ಹೋತು ನೋಡ್ರಿ ಇದರದು" ಅನ್ನುವಳು. ಮಗಳ ಶಾಲೆಯ ಗ್ಯಾದರಿಂಗಿನ ನಾಟಕಕ್ಕೆ ರಟ್ಟಿನ ಕಿರೀಟ ಮಾಡಿಕೊಟ್ಟವಳು ಅವಳೇ. ಭಾದ್ರಪದದಲ್ಲಿ ಪಕ್ಕದ ಕ್ವಾರ್ಟರ್ಸಿನ, ನಾವು ವಹಿನಿ ಅಂದರೆ ಅತ್ತಿಗೆ ಎಂದು ಕರೆಯುತ್ತಿದ್ದ ಮರಾಠಿ ಹೆಂಗಸಿನ ಮನೆಗೆ ಗೌರಿ ಬಂದಾಗ ಅದರ ಮುಕುಟಕ್ಕೆ ಹೊಸ ಮಣಿ ಪೋಣಿಸುವವಳೂ ಅವಳೇ. ಆದರೆ ಇವು ಯಾವುವೂ ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವಳ ಮಟ್ಟಿಗೆ ಮನುಷ್ಯರು ಧರಿಸುವ ಕಿರೀಟ ಒಂದೇ. ಅದು ಬಾಸಿಂಗ.

ಬಾಗಲಕೋಟೆ ಕಡೆ ಮದುಮಗಳಿಗೂ ಮದುಮಗನಿಗೂ ಹಣೆಯ ಮೇಲೆ ಬಾಸಿಂಗ ಕಟ್ಟದೆ ಅಕ್ಷತೆ ಬೀಳುವುದಿಲ್ಲ. ಬೆಂಡಿನ ಮೇಲೆ ಜರಿ ಕಾಗದ ಅಂಟಿಸಿ, ಮಣಿ, ಕನ್ನಡಿ ಚೂರು ಕೂಡಿಸಿ ಮಾಡುತ್ತಾರೆ. ನಾಸಿಕದಲ್ಲಿ ಅದು ಸಿಗುವುದಿಲ್ಲ. ಅಲ್ಲಿಯವರು ಹಣೆಗೆ ಅಡ್ಡವಾಗಿ ಮುತ್ತಿನ ಸರ ಕಟ್ಟಿ ಕಿವಿಯ ಪಕ್ಕ ಇಳಿಬಿಡುತ್ತಾರೆ. ಅದು ಮುಂಡಾವಳಿ. ನಮ್ಮ ಟೌನ್‌ಶಿಪ್ಪಿನಲ್ಲಿ ಕನ್ನಡದವರ ಮನೆಯ ಮೊದಲ ಮದುವೆಗೆ ಊರಿಂದ ಬಸ್ಸಿನಲ್ಲಿ ಬಂದ ಬಾಸಿಂಗ ಜಜ್ಜಿಹೋಗಿತ್ತು. ಮದುಮಗಳ ತಾಯಿ ಅಳುತ್ತ ಕೂತಿದ್ದರು. ನನ್ನ ಹೆಂಡತಿ ತನ್ನ ತವರಿನ ಓಣಿಯಲ್ಲಿ ಬಾಸಿಂಗ ಮಾಡುವವರ ಮನೆಯಲ್ಲೇ ಆಡಿ ಬೆಳೆದವಳು. ಪೇಢೆಯ ಡಬ್ಬಿ ಕತ್ತರಿಸಿ, ತನ್ನದೊಂದು ಸರ ಹರಿದು, ಮುಹೂರ್ತದೊಳಗೆ ಒಂದು ಜೋಡಿ ಮಾಡಿಕೊಟ್ಟಳು. ಅಲ್ಲಿಂದ ಮುಂದೆ ಬ್ಯಾಂಕಿಗೆ ವರ್ಗವಾಗಿ ಬಂದವರು, ನಮ್ಮ ಕಾರ್ಖಾನೆಯವರು, ಯಾರ ಮನೆಯಲ್ಲಿ ಮದುವೆಯಾದರೂ ತೆಂಗಿನಕಾಯಿ, ಕುಪ್ಪಸದ ಖಣ ತಂದು ನಮ್ಮ ಬಾಗಿಲಿಗೆ ಬರುತ್ತಿದ್ದರು.

ಅವಳದು ಒಂದೇ ಕಟ್ಟಳೆ. ಮುಹೂರ್ತಕ್ಕೆ ಮುಂಚೆ ಬಾಸಿಂಗವನ್ನು ಯಾರ ಹಣೆಗೂ ಹಿಡಿದು ನೋಡಬಾರದು. ದಾರದಿಂದ ಅಳತೆ ತೆಗೆದುಕೊಳ್ಳುವಳು ಅಷ್ಟೇ. ಒಂದು ಹಣೆಗೆ ತಾಗಿದ್ದು ಆ ಹಣೆಯದೇ, ಮತ್ತೊಂದಕ್ಕೆ ಕಟ್ಟುವಂತಿಲ್ಲ. ಮಗಳು ಚಿಕ್ಕವಳಿದ್ದಾಗ ಕನ್ನಡಿಯ ಮುಂದೆ ಹಿಡಿದುಕೊಳ್ಳಲು ಹೋಗಿ ಕೈಮೇಲೆ ಏಟು ತಿಂದಿದ್ದಳು.

"ನಿನ್ನದು ನಿನಗ ಬರತೈತಿ. ಮಂದೀದು ಮುಟ್ಟಬ್ಯಾಡ" ಅಂದಿದ್ದಳು ತಾಯಿ.

ಮಗಳು ಇಲ್ಲಿಯೇ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮರಾಠಿ ಬೆರೆಯುತ್ತದೆ. ಓದಿ ಔರಂಗಾಬಾದಿನಲ್ಲಿ, ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರಿನಲ್ಲಿ, ಒಂದು ಕಂಪನಿಗೆ ಸೇರಿದಳು. ಅಲ್ಲಿ ಜೊತೆಗೆ ಕೆಲಸ ಮಾಡುವ ಮರಾಠಿ ಹುಡುಗನನ್ನು ಮೆಚ್ಚಿದಳು. ಹುಡುಗನ ತಾಯಿ ದೌಲತಾಬಾದಿನ ಕೋಟೆಯ ಬುಡದಲ್ಲಿ ಚಹಾ, ಸೀತಾಫಲ ಮಾರುವ ಅಂಗಡಿ ಇಟ್ಟ ಗಟ್ಟಿ ಹೆಂಗಸು. ಮಾತುಕತೆಗೆ ಹೋದಾಗ ನನ್ನ ಹೆಂಡತಿ ಕೇಳಿದ್ದು ಒಂದೇ: ಮಗಳಿಗೆ ಬಾಸಿಂಗ ಕಟ್ಟಬಹುದೋ.

"ಬಾಂಧಾ ಕೀ" ಅಂದರು ಬೀಗತಿ, ಕಟ್ಟಿರಲ್ಲ ಎಂದು. "ಮುಂಡಾವಳಿ ಖಾಲೀ, ತುಮಚಂ ವರ. ಪೋರೀಚಂ ಕಪಾಳ ಮೋಠಂ ಆಹೇ." ನಮ್ಮದು ಕೆಳಗೆ, ನಿಮ್ಮದು ಮೇಲೆ, ಹುಡುಗಿಯ ಹಣೆ ದೊಡ್ಡದಿದೆ ಎಂದು. ಎಲ್ಲರೂ ನಕ್ಕರು. ಮಗಳು ಹಣೆ ಮುಚ್ಚಿಕೊಂಡಳು.

ಆ ಬೇಸಿಗೆಯಲ್ಲೇ ಹೆಂಡತಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು.

ನಾಸಿಕಕ್ಕೆ ಹೋಗುವುದು, ಔಷಧ ಏರಿಸಿಕೊಂಡು ಬರುವುದು, ವಾಂತಿ ಮಾಡುತ್ತ ಮಲಗುವುದು. ಮಳೆಗಾಲವೆಲ್ಲ ಹೀಗೇ ಹೋಯಿತು. ತಲೆಯಲ್ಲಿ ಒಂದು ಕೂದಲೂ ಉಳಿಯಲಿಲ್ಲ. ಮದುವೆ ಮಾರ್ಗಶಿರಕ್ಕೆ ಎಂದು ನಿಶ್ಚಯವಾಗಿತ್ತು. ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದು ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

"ನಾ ಇರತೀನೋ ಇಲ್ಲೋ, ಅದು ಬ್ಯಾರೆ ಮಾತು" ಅಂದಳು ಒಂದು ಮಧ್ಯಾಹ್ನ. "ನನ್ನ ಕೈಯಾಗಿನ ಬಾಸಿಂಗ ಅಕಿ ಹಣಿಗೆ ಇರಬೇಕ್ರಿ. ನಾ ಬ್ಯಾರೆ ಏನೂ ಕೇಳಂಗಿಲ್ಲ."

ಊರಿಂದ ಬೆಂಡು ತರಿಸಿದೆ. ಔಷಧಕ್ಕೆ ಅವಳ ಬೆರಳ ತುದಿಗಳು ಜೋಮು ಹಿಡಿದಿದ್ದವು. ಸೂಜಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ನಾನು ದಾರ ಪೋಣಿಸಿ ಕೊಡುತ್ತಿದ್ದೆ, ಉದುರಿದ ಮಣಿ ಆರಿಸುತ್ತಿದ್ದೆ. ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆಯ ಕೆಲಸ ಮಾಡಿದವನು ನಾನು. ಒಂದು ದಿನ ಒಂದು ಸಾಲು ನಾನೇ ಅಂಟಿಸುತ್ತೇನೆಂದೆ.

"ಬ್ಯಾಡ್ರಿ. ನಿಮ್ಮದು ವಿಮಾನದಂಗ ಆಗತೈತಿ, ಹಾರಿ ಹೋದೀತು" ಅಂದಳು.

ದಸರೆಯ ಹೊತ್ತಿಗೆ ಜೋಡಿ ಮುಗಿಯಿತು. ಅಷ್ಟು ಚೆಂದದ್ದನ್ನು ಅವಳು ಹಿಂದೆ ಮಾಡಿರಲಿಲ್ಲ. ಮದುಮಗನದು ಸ್ವಲ್ಪ ಅಗಲ, ಮದುಮಗಳದಕ್ಕೆ ನಡುವೆ ಗಿಣಿ. ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟು, ಕಪಾಟಿನಲ್ಲಿ ತನ್ನ ಹಸಿರು ಸೀರೆಯ ಮೇಲೆ ಇಡಿಸಿದಳು. ದೀಪಾವಳಿಗೆ ಇನ್ನೂ ವಾರವಿತ್ತು. ಒಂದು ಬೆಳಗಿನ ಜಾವ ಹೋದಳು.

ಅವಳ ತಮ್ಮ, ನನ್ನ ಮೈದುನ, ಬಾಗಲಕೋಟೆಯಿಂದ ಬರಬೇಕಿತ್ತು. ನಮ್ಮಲ್ಲಿ ಬಾಸಿಂಗ ಕಟ್ಟುವವನು ಸೋದರಮಾವ. ಮಗಳ ಮದುವೆಗೆ ಬರಬೇಕಾದವನು ಅಕ್ಕನ ಅಂತ್ಯಕ್ರಿಯೆಗೆ ಬರುತ್ತಿದ್ದ. ಅವನಿಗಾಗಿ ಸಂಜೆಯವರೆಗೆ ಕಾದೆವು. ಗಂಡಸರು ಹೊರಗೆ ಚಟ್ಟ ಕಟ್ಟುತ್ತಿದ್ದರು. ಒಳಗೆ ಅಕ್ಕಪಕ್ಕದ ಮರಾಠಿ ಹೆಂಗಸರು ಅವಳಿಗೆ ಸ್ನಾನ ಮಾಡಿಸಿ ಮುತ್ತೈದೆಯ ಶೃಂಗಾರ ಮಾಡುತ್ತಿದ್ದರು. ಮಗಳು ಸಂಭಾಜಿನಗರದಿಂದ ಬಂದು ನನ್ನ ಪಕ್ಕದಲ್ಲೇ ಕೂತಿದ್ದಳು. ಒಳಗೆ ಹೋಗಲು ಅವಳಿಗೆ ಕಾಲೇ ಬರಲಿಲ್ಲ.

ಮೈದುನ ಬಂದ ಮೇಲೆ ಅವಳನ್ನು ಹೊರಗೆ ತಂದರು. ಹಸಿರು ಸೀರೆ, ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ. ಬೋಳು ತಲೆ ಕಾಣದಂತೆ ಸೆರಗು ಹೊದಿಸಿದ್ದರು. ಸೆರಗಿನ ಅಂಚಿಗೆ, ಹಣೆಯ ಮೇಲೆ, ಗಿಣಿಯ ಬಾಸಿಂಗ.

ನನಗೆ ಒಂದು ಕ್ಷಣ ಅದು ತಪ್ಪೆಂದೇ ಹೊಳೆಯಲಿಲ್ಲ. ನಮ್ಮ ಮದುವೆಯ ದಿನ ಅಂತರಪಟ ಸರಿದಾಗ ಅವಳು ಕಂಡದ್ದು ಹೀಗೆಯೇ.

ಮೈದುನ ಕೇಳಿದ. "ಇದನ್ನ ಯಾರು ಕಟ್ಟಿದ್ರು?"

ಕಟ್ಟಿದವರು ಪಕ್ಕದ ವಹಿನಿ. ಸೀರೆ ತೆಗೆಯಲು ಹೋದಾಗ ಅದರ ಮೇಲೆ ಡಬ್ಬಿ ಸಿಕ್ಕಿತ್ತು. ಇಷ್ಟು ವರ್ಷ ಇವಳು ಬಾಸಿಂಗ ಮಾಡುವುದನ್ನು ನೋಡಿದ್ದರು. ಆದರೆ ನಮ್ಮ ಒಂದು ಮದುವೆಗೂ ಬಂದವರಲ್ಲ. ಸಾಯುವ ಮುನ್ನ ತನ್ನ ಹಸಿರು ಸೀರೆಯ ಮೇಲೆ ತಾನೇ ಕಿರೀಟ ಮಾಡಿ ಇಟ್ಟುಕೊಂಡಿದ್ದಾಳೆ, ಮುತ್ತೈದೆಯಾಗಿ ಹೋಗುವವಳಿಗೆ ಕರ್ನಾಟಕದಲ್ಲಿ ಹೀಗೆ ಕಟ್ಟುತ್ತಾರೆ ಎಂದು ತಿಳಿದರು. ಪ್ರೀತಿಯಿಂದ, ಗಂಟು ಸಡಿಲಾಗದ ಹಾಗೆ ಕಟ್ಟಿದ್ದರು.

"ತುಮಚ್ಯಾಕಡಚೀ ರೀತ ಅಸೇಲ ಅಸಂ ವಾಟಲಂ ಮಲಾ" ಅಂದರು. ನಿಮ್ಮ ಕಡೆಯ ಪದ್ಧತಿ ಇರಬಹುದು ಅನಿಸಿತು ಎಂದು. ಅದು ಮಗಳ ಮದುವೆಗೆಂದು ಮಾಡಿದ್ದು ಎಂದು ಯಾರೋ ಹೇಳಿದರು. ವಹಿನಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು.

"ಬಿಚ್ಚ್ರಿ ಅದನ್ನ" ಅಂದ ಮೈದುನ. "ಅಕ್ಕ ಯಾರ ಸಲುವಾಗಿ ಮಾಡಿದ್ಲು, ಯಾರ ಹಣಿಗೆ ಹೋತು."

"ಬಿಚ್ಚಿ ಏನ್ ಮಾಡ್ತೀಯೋ" ಅಂದೆ. "ಹಣಿಗೆ ತಾಗೇದ."

"ಹಂಗಂತ ಸುಡಬೇಕೇನ್ ಭಾವಾ?"

ಅವನ ಕೈ ಗಂಟಿನ ಕಡೆ ಹೋಯಿತು. ಮಗಳು ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದಳು.

"ಇರ್ಲಿ ಮಾಮಾ. ಬಿಚ್ಚಬ್ಯಾಡ್ರಿ."

"ನಿಂದವ್ವಾ ಅದು."

"ಮಾಹೀತ ಆಹೇ, ಗೊತ್ತೈತಿ. ನಂದ ಅದು. ನಾ ಕೊಡ್ತೇನಿ." ತಾಯಿಯ ಸೆರಗು ಸರಿಮಾಡುತ್ತ ಅಂದಳು. "ಎಷ್ಟ ದಿವಸ ಮಮ್ಮಿ ತಲೀ ಮುಚ್ಚಕೊಂಡ ಕೂತಿದ್ಲು. ಇವತ್ತ ಛಾನ, ಚೆಂದ ಕಾಣಸ್ತಾಳ. ಇರ್ಲಿ."

ಅವಳು ಅಷ್ಟು ಉದ್ದ ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೈದುನ ಕೈ ಹಿಂದಕ್ಕೆ ತೆಗೆದುಕೊಂಡ. ಆದರೆ ಅವನಿಗೆ ಇನ್ನೊಂದು ಉಳಿದಿತ್ತು. ಒಳಗೆ ಹೋಗಿ ಡಬ್ಬಿ ತಂದ. ಜೋಡಿ ಅಗಲಿಸಬಾರದು, ಮದುಮಗನದನ್ನೂ ಅವಳ ಎದೆಯ ಮೇಲೆ ಇಟ್ಟುಬಿಡೋಣ ಎಂದ. ಮಗಳು ಅದಕ್ಕೆ ಒಪ್ಪಲಿಲ್ಲ.

"ಮಮ್ಮಿ ಹಾಕ್ಕೊಂಡ್ಲಂದ್ರ ಜೋಡಿ ಪಪ್ಪಾಂದು. ಪಪ್ಪಾ ಇದ್ದಾರ. ಸುಡಬ್ಯಾಡ್ರಿ" ಅಂದಳು.

ಡಬ್ಬಿಯನ್ನು ನನ್ನ ತೊಡೆಯ ಮೇಲೆ ಇಟ್ಟಳು. ಮನೆಯಲ್ಲಿ ಇಷ್ಟು ಜನರಿದ್ದಾಗ ನಾನು ಅಳಬಾರದೆಂದು ಬೆಳಗಿನಿಂದ ಹಿಡಿದುಕೊಂಡಿದ್ದೆ. ಆಮೇಲೆ ಆಗಲಿಲ್ಲ.

ವರ್ಷ ತುಂಬುವುದರೊಳಗೆ ಮದುವೆ ಮಾಡಬೇಕೆಂದು ಹಿರಿಯರು ಹೇಳಿದ್ದರಿಂದ ವೈಶಾಖದಲ್ಲಿ ಸಂಭಾಜಿನಗರದ ಸಣ್ಣದೊಂದು ಕಲ್ಯಾಣ ಮಂಟಪದಲ್ಲಿ ಲಗ್ನವಾಯಿತು. ಮೈದುನ ಊರಿಂದ ಹೊಸ ಬಾಸಿಂಗ ತರುವೆನೆಂದಿದ್ದ. ಮಗಳು ಬೇಡವೆಂದಿದ್ದಳು. ಬೀಗತಿ ಮುಂಡಾವಳಿ ಹಿಡಿದು ನಿಂತು ನಮ್ಮ ಕಡೆ ನೋಡಿದರು. ಕೋಟೆಯ ಬುಡದಲ್ಲಿ ಹಣೆಯ ಬಗ್ಗೆ ಆಡಿದ ಚೇಷ್ಟೆ ನೆನಪಾಗಿರಬೇಕು. ಸರವನ್ನು ತಾವು ಕಟ್ಟದೆ ಮೈದುನನ ಕೈಗೆ ಕೊಟ್ಟರು. ಅವನಿಗೆ ಅದರ ಗಂಟು ಹೇಗೆ ಹಾಕುವುದೆಂದು ತಿಳಿಯಲಿಲ್ಲ. ಮಗಳು ತಲೆ ಬಗ್ಗಿಸಿ, ಕೈ ಹಿಂದಕ್ಕೆ ತಂದು, ತಾನೇ ತೋರಿಸಿಕೊಟ್ಟಳು. ಅವಳ ಹಣೆ ನಿಜವಾಗಿಯೂ ದೊಡ್ಡದು. ಮುತ್ತಿನ ಸರದ ಮೇಲೆ ಬೈತಲೆಯವರೆಗೂ ಬರಿದಾಗಿ ಉಳಿದ ಜಾಗವನ್ನು ನೋಡುತ್ತ ನಾನು ಅಕ್ಷತೆ ಹಾಕುವುದನ್ನು ಮರೆತೆ. ಪಕ್ಕದವರು ಮುಟ್ಟಿ ಎಚ್ಚರಿಸಿದರು.

ಮರುದಿನ ನಾನು, ಮೈದುನ ನಾಸಿಕದ ಬಸ್ಸು ಹತ್ತಿದೆವು. ಬಸ್ಸು ಯೇವಲೆ ಊರು ದಾಟಿತು. ಹೊರಗೆ ಬಿಸಿಲಿಗೆ ಒಣಗಿದ ಹೊಲ.

"ಭಾವಾ" ಅಂದ. "ಆ ಗಿಣಿ, ಅದನ್ನ ಆಕೀನ ಕೊರದಿದ್ಲೇನು?"

"ಹ್ಞೂಂ. ಬ್ಲೇಡಿನಾಗ."

"ಅಂಥಾ ಕೈಯಾಗ?"

"ಅಂಥಾ ಕೈಯಾಗ."

ಅವನು ಹೆಗಲ ಮೇಲಿನ ಟವೆಲು ತೆಗೆದು ಮುಖಕ್ಕೆ ಹಿಡಿದುಕೊಂಡ. ಅಕ್ಕ ಸತ್ತ ದಿನವೂ ಅವನು ಅತ್ತಿರಲಿಲ್ಲ, ಜಗಳವಾಡಿದ್ದ. ಕಂಡಕ್ಟರು ಬಂದು ಟಿಕೆಟು ಕೇಳಿದ. ನಾನು ಇಬ್ಬರದೂ ತೋರಿಸಿದೆ.