ಅಟ್ಯಾಚ್ ಆದ ರೂಮು

ಇವತ್ತು ಬೆಳಿಗ್ಗೆ ಮೈಲೂರಿನ ನಮ್ಮ ಬಾಡಿಗೆ ಮನೆಯಲ್ಲಿ ಬೇಳೆಗೆ ಸಾಸಿವೆ, ಜೀರಿಗೆ, ಬೆಳ್ಳುಳ್ಳಿಯ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಅದಕ್ಕೆ ಸ್ವಲ್ಪ ಮೊದಲು ನಾನು ಬಚ್ಚಲಿಗೆ ಫಿನಾಯಿಲ್ ಸುರಿದು ಬಂದಿದ್ದೆ. ಎರಡೂ ವಾಸನೆ ನಡುಮನೆಯಲ್ಲಿ ಒಂದಾದವು. ಯಾರಿಗೂ ಇಷ್ಟವಾಗುವ ವಾಸನೆಯಲ್ಲ ಅದು, ನಿಮಗೂ ಆಗಲಿಕ್ಕಿಲ್ಲ. ಆದರೆ ನಾನು ಸೌಟು ಹಿಡಿದುಕೊಂಡು ಹಾಗೇ ನಿಂತೆ. ಆ ವಾಸನೆಯಲ್ಲಿ ನಾನು ಎಂ.ಎ. ಓದಿ ಮುಗಿಸಿದ್ದೇನೆ.

ವಿಶ್ವವಿದ್ಯಾಲಯದ ಆವರಣದೊಳಗಿನ ಹುಡುಗಿಯರ ವಸತಿ ಅದು. ಹಾಸ್ಟೆಲ್ ಎಂದ ಕೂಡಲೇ ನಿಮ್ಮ ಕಣ್ಣಿಗೆ ಬರುವ ಉದ್ದನೆಯ ಮೆಸ್ಸು, ತಾಟು ಹಿಡಿದು ನಿಂತವರ ಸಾಲು, ನೀರಿನಂಥ ಸಾರು, ಇವು ಯಾವುವೂ ಅಲ್ಲಿರಲಿಲ್ಲ. ಹೊಸದಾಗಿ ಕಟ್ಟಿದ ಕಟ್ಟಡ. ಪ್ರತಿ ರೂಮಿಗೂ ಅದರದೇ ಬಚ್ಚಲು, ಪಾಯಖಾನೆ. ಮೂಲೆಯಲ್ಲಿ ಒಂದು ಕಡಪಾ ಕಲ್ಲಿನ ಕಟ್ಟೆ, ಅದರ ಮೇಲೆ ಕರೆಂಟಿನ ಒಲೆ. ಅಡುಗೆ ನಮ್ಮದು, ಪಾತ್ರೆ ನಮ್ಮದು, ಸೀದರೆ ಬೈಸಿಕೊಳ್ಳುವವರೂ ನಾವೇ. ಕಟ್ಟಿದ ಎಂಜಿನಿಯರು ನಳದ ಪೈಪು ಉಳಿಸುವ ಲೆಕ್ಕ ಹಾಕಿದ್ದನೋ ಏನೋ, ಅಡುಗೆಯ ಕಟ್ಟೆಯನ್ನೂ ಬಚ್ಚಲಿನ ಬಾಗಿಲನ್ನೂ ಒಂದೇ ಗೋಡೆಗೆ ತಂದಿಟ್ಟಿದ್ದ. ರೊಟ್ಟಿ ಬಡಿಯುವಾಗ ಮೊಣಕೈ ಸ್ವಲ್ಪ ಅಗಲವಾದರೆ ಆ ಬಾಗಿಲಿಗೆ ತಾಗುತ್ತಿತ್ತು. ಮೊದಲ ವಾರ ಮುಜುಗರವಾಯಿತು. ಆಮೇಲೆ ಹಸಿವಿನ ಮುಂದೆ ಅದು ನೆನಪಾಗುವುದೂ ನಿಂತಿತು.

ನನ್ನ ಜೊತೆಗಿದ್ದವಳು ಸುಜಾತಾ. ಔರಾದ ಕಡೆಯ ಒಂದು ಹಳ್ಳಿಯ ಬೌದ್ಧ ಮನೆತನದವಳು. ನಾನು ಭಾಲ್ಕಿಯಲ್ಲಿ ಮಿಷನ್ ಕಾಲದ ಚರ್ಚಿನ ಬೆನ್ನಿಗೇ ಬೆಳೆದ ಮಾಸ್ತರರ ಮಗಳು. ನಮ್ಮಿಬ್ಬರ ನಡುವೆ ಅಡುಗೆಯ ಒಪ್ಪಂದ ತಾನಾಗಿಯೇ ಆಯಿತು. ಬೇಳೆ, ಅನ್ನ, ತತ್ತಿ ನನ್ನ ಪಾಲಿಗೆ, ಜೋಳದ ರೊಟ್ಟಿ ಅವಳ ಪಾಲಿಗೆ. ನಾನು ರೊಟ್ಟಿ ಬಡಿದರೆ ಅದು ಯಾವುದೋ ದೇಶದ ನಕ್ಷೆಯ ಹಾಗೆ ಆಗುತ್ತಿತ್ತು. ಸುಜಾತಾ ಅದನ್ನು ಎತ್ತಿ ಹಿಡಿದು, "ಇದು ಯಾವ ಕಡಿ ಗಡಿ, ಮಾಸ್ತರ ಮಗಳೇ? ತೆಲಂಗಾಣದ್ದೋ ಮಹಾರಾಷ್ಟ್ರದ್ದೋ?" ಎಂದು ಕೇಳುತ್ತಿದ್ದಳು. ಅವಳು ಬಡಿಯಲು ಕೂತರೆ ಸದ್ದು ಕೆಳಗಿನ ರೂಮಿಗೆ ಇಳಿಯುತ್ತಿತ್ತು. ಅಲ್ಲಿದ್ದ ಮೈಸೂರಿನ ಹುಡುಗಿ ಒಂದು ದಿನ ಮೇಲೆ ಬಂದು, "ಗೋಡೆಗೆ ಮೊಳೆ ಹೊಡೀತಿದ್ದೀರಾ?" ಎಂದು ಬಹಳ ಸೌಜನ್ಯದಿಂದ ವಿಚಾರಿಸಿದಳು. ಒಂದು ರೊಟ್ಟಿ ತಿಂದು ಹೋದಳು.

ಅದೇ ಹುಡುಗಿಯನ್ನು ನಾವು ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಕರೆದೆವು. ಭಜ್ಜಿ ಮಾಡುತ್ತೇವೆ ಬಾ ಎಂದೆವು. ನಮ್ಮ ಕಡೆ ಆ ಹಬ್ಬದ ಭಜ್ಜಿ ಎಂದರೆ ಸಿಕ್ಕ ಸೊಪ್ಪು, ಹಸಿ ಕಾಳು, ಕಾಯಿಪಲ್ಯವನ್ನೆಲ್ಲ ಕೂಡಿಸಿ ಬೇಯಿಸಿದ ಮಂದನೆಯ ಪಲ್ಯ, ಸಜ್ಜೆ ರೊಟ್ಟಿಯ ಜೊತೆಗಾರ. ಅವಳು ಕೈಯಲ್ಲಿ ಟೊಮೆಟೊ ಸಾಸಿನ ಬಾಟಲಿ ಹಿಡಿದುಕೊಂಡು ಬಂದಳು. ಎಣ್ಣೆಯಲ್ಲಿ ಕರಿದದ್ದು ಎಲ್ಲಿ ಎಂದು ಹುಡುಕುತ್ತಿದ್ದ ಅವಳ ಮುಖ ನೋಡಿ ನಾವು ಬಹಳ ನಕ್ಕೆವು. ಒಂದೇ ಮಾತು ಊರಿಂದ ಊರಿಗೆ ಹೋಗುವಾಗ ದಾರಿಯಲ್ಲಿ ಬಟ್ಟೆ ಬದಲಿಸಿಕೊಳ್ಳುತ್ತದೆ ಎಂದು ನಮಗೆ ಆಗ ತಿಳಿದಿರಬೇಕಿತ್ತು. ನಗುವುದರಲ್ಲಿ ಅದು ತಿಳಿಯಲಿಲ್ಲ.

ಸುಜಾತಾಳ ತಾಯಿ ಅವಳ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಸಾಕಿದ್ದು ಆಜಿ, ಅಂದರೆ ತಂದೆಯ ತಾಯಿ. ತಂದೆ ಮಿಲಿಂದ ಟೆಂಪೊ ಓಡಿಸುತ್ತಿದ್ದರು. ಟೆಂಪೊ ಎಲ್ಲಿಗೆ ಹೋಗಬೇಕೆಂಬುದನ್ನು ಬಿಟ್ಟರೆ ಮನೆಯ ಉಳಿದ ತೀರ್ಮಾನವೆಲ್ಲ ಆಜಿಯದು. ಓದಿನ ಮೊದಲ ವರ್ಷ ಮುಗಿಯುವ ಹೊತ್ತಿಗೆ ಉದಗೀರದ ಕಡೆಯಿಂದ ಸುಜಾತಾಳಿಗೆ ಒಂದು ಸಂಬಂಧ ಬಂತು. ಒಳ್ಳೆಯ ಜನ, ಆದರೆ ಅವಸರದ ಜನ. ಓದು ನಿಲ್ಲಿಸಿ ಬಂದರೆ ಇದೇ ಬೇಸಿಗೆಯಲ್ಲಿ ಮದುವೆ ಎಂದಿದ್ದರು. ಮಿಲಿಂದ ಆಗಲೇ ಅತ್ತ ವಾಲಿದ್ದರು. ಆಜಿ ಮಾತ್ರ ಹುಡುಗಿ ಓದು ಮುಗಿಸಲಿ ಎಂದು ಪಟ್ಟು ಹಿಡಿದಿದ್ದರು. ಅವಳ ಎಂ.ಎ. ಆ ಒಂದು ಪಟ್ಟಿನ ಮೇಲೆ ನಿಂತಿತ್ತು.

ಅದನ್ನು ಇನ್ನಷ್ಟು ಗಟ್ಟಿ ಮಾಡಲೆಂದೇ ಸುಜಾತಾ ಒಂದು ಸಂಜೆ ಆಜಿಗೆ ಫೋನು ಮಾಡಿದಳು. ನಾನು ಬಾಜೂಕೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ.

"ಇಲ್ಲಿ ನನಗ ಏನೂ ತ್ರಾಸಿಲ್ಲ ಆಜಿ. ರೂಮ್ ಅಟ್ಯಾಚ್ ಅದ. ಅಡಗಿ ಸೈತ ನಾವೇ ಮಾಡ್ಕೋತೇವಿ."

ಆ ಕಡೆ ಮಾತು ನಿಂತಿತು. ನೆಟ್‌ವರ್ಕ್ ಹೋಗಿರಬೇಕು ಎಂದು ಸುಜಾತಾ ಫೋನು ಇಟ್ಟಳು.

ಮರುದಿನ ಬೆಳಿಗ್ಗೆ ಔರಾದದ ಮೊದಲ ಬಸ್ಸಿಗೆ ಬಂದು ಆಜಿ ನಮ್ಮ ಬಾಗಿಲಿನಲ್ಲಿ ನಿಂತಿದ್ದರು. ಕಂಕುಳಲ್ಲಿ ಬಟ್ಟೆಯ ಗಂಟು, ಹುಬ್ಬಿನವರೆಗೆ ಕೆಂಪು ಧೂಳು. ಮೊಮ್ಮಗಳ ಮುಖ ನೋಡುವ ಮೊದಲು ಬಾಗಿಲಿನ ಕೊಂಡಿ ನೋಡಿದರು.

"ಬೀಗ ಎಲ್ಲಿ ಹಾಕ್ಯಾರ?"

"ಯಾವ ಬೀಗ ಆಜಿ?"

"ರೂಮ್ ಅಟ್ಯಾಚ್ ಆಗ್ಯಾದ ಅಂದಿದ್ದಿಲ್ಲೇನು? ಕೋರ್ಟಿನವರು ಬಂದಿದ್ರೇನು? ಅಡಗಿ ಮಾಡಿ ಹಾಕೋರು ಸೈತ ಇಲ್ಲಂತ. ಕಣ್ಣಿಗಿ ನಿದ್ದಿ ಹತ್ತಿಲ್ಲ ನನಗ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಅವರ ಮನೆಯಲ್ಲಿ ಹೊಲದ ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರ ನಡುವೆ ಕೋರ್ಟಿನ ವ್ಯಾಜ್ಯವಿತ್ತು. ತೀರ್ಪು ಬರುವವರೆಗೆ ಹೊಲ ಜಪ್ತಿಯಾಗಿತ್ತು. ವಕೀಲರ ಬಾಯಿಂದ ಊರಿನ ಬಾಯಿಗೆ ಬಂದು ಅದು 'ಅಟ್ಯಾಚ್' ಆಗಿತ್ತು. ಅಟ್ಯಾಚ್ ಆದ ಹೊಲಕ್ಕೆ ಯಾರೂ ಕಾಲಿಡುವ ಹಾಗಿಲ್ಲ, ಅಲ್ಲಿಂದ ಒಂದು ತೆನೆ ಹೊರಗೆ ತರುವ ಹಾಗಿಲ್ಲ. ಆಜಿಗೆ ಗೊತ್ತಿದ್ದ ಅಟ್ಯಾಚ್ ಅದೊಂದೇ. ಅಂಥ ರೂಮಿನಲ್ಲಿ ಮೊಮ್ಮಗಳು ಸಿಕ್ಕಿಬಿದ್ದಿದ್ದಾಳೆ ಎಂದು ಓಡಿ ಬಂದಿದ್ದರು.

ಸುಜಾತಾ ನಕ್ಕು ಸುಸ್ತಾದಳು. "ಜಪ್ತಿ ಅಲ್ಲ ಆಜಿ! ಸಂಡಾಸ, ಬಚ್ಚಲ ರೂಮಿಗೇ ಹತ್ತಿಕೊಂಡು ಅವ ಅಂತ. ಇಲ್ಲಿ ನೋಡು," ಎಂದು ಕಟ್ಟೆಯ ಪಕ್ಕದ ಬಾಗಿಲನ್ನು ದೊಡ್ಡದಾಗಿ ತೆರೆದು ತೋರಿಸಿದಳು.

ಆಜಿ ಒಳಗೆ ನೋಡಿದರು. ಒಲೆಯ ಮೇಲಿದ್ದ ಹಂಚನ್ನು ನೋಡಿದರು. ಮತ್ತೆ ಒಳಗೆ ನೋಡಿದರು.

"ಜಪ್ತಿ ಆಗಿದ್ರೇ ಬೇಸ್ ಇತ್ತು," ಎಂದರು.

ನಾನು ಚಹಾಕ್ಕೆ ನೀರಿಟ್ಟೆ. ಆಜಿ ಕೈ ಅಡ್ಡ ಹಿಡಿದರು. "ಚಾ ಬ್ಯಾಡ ಯವ್ವಾ. ಇಲ್ಲಿಂದು ಹೊಟ್ಟಿಗಿ ಇಳಿಯಂಗಿಲ್ಲ."

"ದಿನಾ ಫಿನಾಯಿಲ್ ಹಾಕಿ ತಿಕ್ತೇವ್ರಿ ಆಜಿ," ಎಂದೆ. ವಾದದಲ್ಲಿ ನನ್ನ ಕೊಡುಗೆ ಅಷ್ಟೇ.

"ತಿಕ್ರಿ. ತಿಕ್ಕಿದ್ರ ಅದು ಅಡಗಿಮನಿ ಆಗ್ತದೇನು?" ಆಮೇಲೆ ಸುಜಾತಾಳ ಕಡೆ ತಿರುಗಿದರು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಸಾಲಿ ಮುಗಸ್ಲಿ, ಹುಡಿಗಿ ಛೊಲೋ ಜಾಗಾದಾಗ ಅದ ಅಂತ ನಿಮ್ಮಪ್ಪಗ ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಸಂಡಾಸದ ಬಾಜೂಕ ಉಣ್ತಾಳಂತ ಇನ್ನ ಹ್ಯಾಂಗ ಹೇಳ್ಲಿ? ಬ್ಯಾಗ್ ತುಂಬು. ಐತವಾರ ಉದಗೀರದವರು ಬರ್ತಾರ. ಬರ್ಲಿ."

ಸುಜಾತಾ ಎದುರಾಡಲಿಲ್ಲ. ಅವಳು ಎದುರಾಡುವುದು ನನ್ನ ಜೊತೆ, ಮೈಸೂರಿನ ಹುಡುಗಿಯ ಜೊತೆ, ಒಮ್ಮೊಮ್ಮೆ ಪ್ರಾಧ್ಯಾಪಕರ ಜೊತೆ. ಆಜಿಯ ಜೊತೆ ಅಲ್ಲ. ಬ್ಯಾಗು ಎಳೆದು ಬಟ್ಟೆ ತುಂಬತೊಡಗಿದಳು. ಪುಸ್ತಕಗಳನ್ನು ಮುಟ್ಟಲಿಲ್ಲ. ಅವು ಇನ್ನು ಬೇಕಾಗುವುದಿಲ್ಲ ಎಂದುಕೊಂಡಳೋ, ಮುಟ್ಟಿದರೆ ಅಳು ಬರುತ್ತದೆ ಎಂದುಕೊಂಡಳೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕತ್ತಲಿದ್ದಾಗಲೇ ಮನೆ ಬಿಟ್ಟ ಆಜಿ ಎಷ್ಟು ಹೊತ್ತು ತಡೆದುಕೊಂಡಾರು? ಕೊನೆಗೆ ಗೋಡೆಯ ಕಡೆ ನೋಡುತ್ತ, "ಜರಾ ನೀರು ಬೇಕಾಗಿತ್ತು," ಎಂದರು. ಸುಜಾತಾ ಎದ್ದು ಬಿಸಿನೀರಿನ ನಳ ಯಾವುದು, ತಣ್ಣೀರಿನದು ಯಾವುದು ಎಂದು ತೋರಿಸಿ, ಬಾಗಿಲಿನ ಒಳಗಿನ ಚಿಲಕ ಹಾಕುವುದು ಹೇಗೆಂದು ಹೇಳಿ ಬಂದಳು. ಆಜಿ ತಮ್ಮ ಗಂಟನ್ನೂ ಒಳಗೇ ಒಯ್ದರು. ನಮ್ಮನ್ನು ನಂಬಲಿಲ್ಲವೆಂದು ನಾನು ತಿಳಿದೆ.

ಒಳಗೆ ಏನಾಯಿತೆಂದು ನಾನು ಕಂಡಿಲ್ಲ, ಕೇಳಿದ್ದನ್ನಷ್ಟೇ ಹೇಳಬಲ್ಲೆ. ಚಿಲಕ ಬಿದ್ದ ಸದ್ದು. ಅದನ್ನು ತೆಗೆದು ಮತ್ತೊಮ್ಮೆ ಹಾಕಿ ನೋಡಿದ ಸದ್ದು. ಬಕೀಟಿಗೆ ನೀರು ಬೀಳುವುದು, ತಂಬಿಗೆಯಿಂದ ಮೈಮೇಲೆ ಸುರಿದುಕೊಳ್ಳುವುದು. ಮತ್ತೆ ಬಕೀಟು ತುಂಬುವುದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸುಜಾತಾ ಗಾಬರಿಯಾಗಿ ಬಾಗಿಲು ಬಡಿದಳು.

"ಆಜಿ, ಹುಷಾರ ಇದ್ದೀ?"

"ಇದ್ದೇನಿ."

ಇನ್ನೂ ಹೊತ್ತಾಯಿತು. ಮತ್ತೆ ಬಡಿದಳು.

"ಯಾಕ ಬಡಿತಿ? ಮನಿಗಿ ಬೆಂಕಿ ಹತ್ಯಾದೇನು? ಬರ್ತೇನಿ ತಡಿ."

ಹೊರಗೆ ಬಂದಾಗ ಆಜಿಯ ಬಿಳಿಕೂದಲು ಬೆನ್ನ ಮೇಲೆ ಇಳಿದಿತ್ತು. ಬೇರೆ ಸೀರೆ ಉಟ್ಟಿದ್ದರು. ನೆರಿಗೆ ಒಂದೊಂದೂ ತೀಡಿದ ಹಾಗೆ ಕೂತಿತ್ತು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಯಾರೂ ಕೇಳದಿದ್ದರೂ ಹೇಳಿದರು: "ಒಣ ಸೀರಿ ಒಳಗೇ ಉಟ್ಕೊಂಡೆ."

ಇದರಲ್ಲಿ ಹೇಳುವಂಥದ್ದೇನಿದೆ ಎಂದು ನನಗೆ ಹೊಳೆಯಲಿಲ್ಲ. ಅದು ನನ್ನ ಮುಖದಲ್ಲಿ ಕಂಡಿರಬೇಕು.

"ನಮ್ಮಲ್ಲಿ ಹಿತ್ತಲದಾಗ ಒಂದು ಕಲ್ಲು ಯವ್ವಾ. ಎರಡ ಗೂಟಕ್ಕ ಹಳಿ ಸೀರಿ ಕಟ್ಟಿದ್ದು. ಲಗ್ನ ಆಗಿ ಬಂದಾಗಿಂದ ಅದೇ. ಉಟ್ಟ ಸೀರಿ ಮ್ಯಾಲೇ ನೀರ ಹಾಕ್ಕೊಳ್ಳೋದು, ಹಸಿ ಮೈಗೇ ಒಣದು ಸುತ್ಕೊಂಡು ಒಳಗ ಓಡೋದು. ಯಾರರ ಬಂದ್ರು, ಯಾರರ ಕರದ್ರು. ಅತ್ತಿ ಹೋದ್ಳು, ಗಂಡ ಹೋದ, ಕರಿಯೋದು ನಿಂದ್ರಲಿಲ್ಲ." ಬೆನ್ನ ಮೇಲಿನ ಕೂದಲನ್ನು ಗಂಟು ಕಟ್ಟಿಕೊಳ್ಳುತ್ತ ಸೇರಿಸಿದರು: "ಇವತ್ತ ಚಿಲಕ ಹಾಕ್ಕೊಂಡು ಬೆನ್ನು ಒರಸ್ಕೊಂಡೆ. ಆಮ್ಯಾಲ ಸುಮ್ಮ ನಿಂತಿದ್ದೆ. ಯಾರೂ ಕರೀಲಿಲ್ಲ. ಈಕಿ ಒಬ್ಬಾಕಿ ಬಿಟ್ಟು."

ಸುಜಾತಾ ಬ್ಯಾಗಿನ ಮೇಲೆ ಕೈಯಿಟ್ಟು ಹಾಗೇ ಕೂತಿದ್ದಳು. ಆಜಿ ಅವಳನ್ನು ಒಮ್ಮೆ, ಬಚ್ಚಲಿನ ಬಾಗಿಲನ್ನು ಒಮ್ಮೆ ನೋಡಿದರು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡರು.

ಇದರಿಂದ ಒಲೆಯ ವಿಷಯದಲ್ಲಿ ಅವರ ಅಭಿಪ್ರಾಯ ಬದಲಾಯಿತು ಎಂದು ತಿಳಿಯಬೇಡಿ. ಅದು ಕೊನೆಯವರೆಗೂ ಬದಲಾಗಲಿಲ್ಲ. ಕಿಟಕಿಯ ಕೆಳಗಿದ್ದ ಓದುವ ಮೇಜಿನ ಮೇಲಿಂದ ಪುಸ್ತಕ ತೆಗೆಸಿ ಅಲ್ಲಿಗೆ ಒಲೆ ತರಿಸಿದರು. ಪುಸ್ತಕಗಳನ್ನೆಲ್ಲ ಕಡಪಾ ಕಲ್ಲಿನ ಕಟ್ಟೆಯ ಮೇಲೆ, ಪಾಯಖಾನೆಯ ಗೋಡೆಗೆ ಒತ್ತಿ ಜೋಡಿಸಿದರು. ನಾನು ಗೊಣಗಿದ್ದಕ್ಕೆ, "ಪುಸ್ತಕಕ್ಕ ಮೂಗಿಲ್ಲ," ಎಂದರು. ಆದರೆ ನನ್ನ ಬೈಬಲ್ ಕೈಗೆ ಬಂದಾಗ ಕೇಳಿ ತಿಳಿದುಕೊಂಡು, ಅದನ್ನು ಸೆರಗಿನಿಂದ ಒರೆಸಿ, ಕಿಟಕಿಯ ಮೇಲಿನ ಹಲಗೆಯಲ್ಲಿ ಸುಜಾತಾಳ ಸಣ್ಣ ಬುದ್ಧನ ಬಾಜೂಕ ಇಟ್ಟರು. ಹೊಸ ಜಾಗದಲ್ಲಿ ಮೊದಲ ರೊಟ್ಟಿ ಅವರೇ ಬಡಿದರು. ಮೂವರೂ ಉಂಡೆವು. ಚಹಾ ಎರಡು ಸಲ ಕುಡಿದರು.

ಆಮೇಲೆ ಮಗನಿಗೆ ಫೋನು ಹಚ್ಚಿಕೊಡಲು ಹೇಳಿದರು. ಆಜಿಗೆ ಕಿವಿ ಸ್ವಲ್ಪ ಮಂದ, ಸುಜಾತಾ ಸ್ಪೀಕರ್ ಒತ್ತಿದಳು.

"ಮಿಲಿಂದಾ, ಉದಗೀರದವರಿಗಿ ಬರಬ್ಯಾಡಂತ ಹೇಳು."

"ಯಾಕವ್ವ?"

"ರೂಮ್ ಅಟ್ಯಾಚ್ ಆಗ್ಯಾದ. ಕಣ್ಣಾರೆ ನೋಡೇನಿ."

ಆ ಕಡೆ ಗಾಬರಿ. "ಯಾರು ಮಾಡ್ಯಾರ?"

"ಯೂನಿವರ್ಸಿಟಿಯವರೇ ಮಾಡ್ಯಾರ. ಕಡೀ ಪರೀಕ್ಷಾ ಮುಗಿಯೋತನಾ ಒಳಗಿಂದು ಏನೂ ಹೊರಗ ತರ್ಲಾಕ ಬರಂಗಿಲ್ಲ."

"ಅಲ್ಲವ್ವ, ಸಾಮಾನು ಇರ್ಲಿ. ಹುಡಿಗಿ?"

"ಹುಡಿಗಿ ಒಳಗೇ ಇದ್ದಾಳಲ್ಲ. ಆಕಿನೂ ಅದರಾಗೇ ಬಂದ್ಳು."

"ವಕೀಲಗ ಒಂದು ಮಾತು ಕೇಳ್ಲೇನು?"

"ಕೇಳು, ಕೇಳು. ಹೊಲದಂಗ ಇದೂ ಹತ್ತು ವರ್ಷ ಹೋಗ್ಲಿ."

ಮಿಲಿಂದ ಅಲ್ಲಿಗೇ ಫೋನು ಇಟ್ಟರು. ಕೋರ್ಟು ಕಂಡ ಮನುಷ್ಯ. ಆಜಿ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, "ಬ್ಯಾಗ್ ಖಾಲಿ ಮಾಡು. ಸೀರಿ ಮುದುಡ್ತಾವ," ಎಂದರು. ಬ್ಯಾಗಿನಲ್ಲಿ ಸೀರೆ ಒಂದೂ ಇರಲಿಲ್ಲ. ಸುಜಾತಾ ಆಗ ಅತ್ತಳು.

ಆಮೇಲೆ ನಾನು ಸುದ್ದಿಮನೆ ಸೇರಿ, ಇನ್ನೊಬ್ಬರ ವಾಕ್ಯ ತಿದ್ದುವ ಕೆಲಸದಲ್ಲೇ ಇದ್ದೇನೆ. ಆ ಫೋನಿನ ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲೇ ತಿದ್ದಲು ಕೂತಿದ್ದೇನೆ. ರೂಮು ಅಟ್ಯಾಚ್ ಇದ್ದದ್ದು ನಿಜ, ಮಾಡಿದವರು ವಿಶ್ವವಿದ್ಯಾಲಯದವರೆಂಬುದು ನಿಜ, ಕಣ್ಣಾರೆ ನೋಡಿದ್ದೂ ನಿಜ. ಏನೂ ಹೊರಗೆ ತರಲು ಬರುವುದಿಲ್ಲ ಎಂಬ ಒಂದು ವಾಕ್ಯಕ್ಕೆ ಮಾತ್ರ ಆಧಾರ ಕೇಳಬಹುದಿತ್ತು. ಕೇಳಿದ್ದರೆ ಆಜಿ ತಮ್ಮನ್ನೇ ತೋರಿಸುತ್ತಿದ್ದರು.

ಉದಗೀರದವರು ಬೇರೆ ಕಡೆ ನೋಡಿಕೊಂಡರು. ಸುಜಾತಾ ಓದು ಮುಗಿಸಿ ಈಗ ಭಾಲ್ಕಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಒಮ್ಮೆ ಅವಳ ಜೊತೆ ಅವರ ಹಳ್ಳಿಗೆ ಹೋಗಿದ್ದೆ. ಹಿತ್ತಲಿನಲ್ಲಿ ಗೂಟ, ಸೀರೆ ಇರಲಿಲ್ಲ. ಕೆಂಪು ಕಲ್ಲಿನ ನಾಲ್ಕು ಗೋಡೆ ಎದ್ದಿದ್ದವು. ಮಾಳಿಗೆ ಇನ್ನೂ ಹಾಕಿರಲಿಲ್ಲ, ಮೇಲೆ ಆಕಾಶ ಕಾಣುತ್ತಿತ್ತು. ಬಾಗಿಲು ಮಾತ್ರ ಗಟ್ಟಿ ಇತ್ತು.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಬೇಳೆ ತಳ ಹಿಡಿಯಿತು. ನಮ್ಮ ಮನೆಯಲ್ಲಿ ಇರುವುದು ಒಂದೇ ಬಚ್ಚಲು, ಅದರೊಳಗೆ ನಮ್ಮ ಅತ್ತೆ ಇದ್ದರು. ಖಟಕ ಚಿಂಚೋಳಿಯ ಮನೆಯಿಂದ ಬಂದು ಕೆಲವು ತಿಂಗಳಿಂದ ನಮ್ಮ ಜೊತೆ ಇದ್ದಾರೆ. ಮೊಣಕಾಲು ನೋವು, ಎಲ್ಲಿ ಜಾರುತ್ತಾರೋ ಎಂಬ ಭಯಕ್ಕೆ ನಾನು ದಿನಾ ಹೊರಗಿನಿಂದ ಬಡಿದು ಕೇಳುತ್ತೇನೆ. ಭಯದ ಜೊತೆಗೆ ನನ್ನ ಆಫೀಸಿನ ಹೊತ್ತೂ ಇರುತ್ತದೆ. ಇವತ್ತು ನೀರಿನ ಸದ್ದು ನಿಂತು ಬಹಳ ಹೊತ್ತಾಗಿತ್ತು. ನಾನು ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟೆ. ಒಳಗೆ ಬಳೆ ಅಲುಗಿತು. ಟವೆಲ್ಲನ್ನು ನಿಧಾನವಾಗಿ ಕೊಡವಿದ ಸದ್ದು ಬಂತು. ಎತ್ತಿದ ಕೈ ಇಳಿಸಿ ಒಲೆ ಆರಿಸಿದೆ. ಆಫೀಸಿಗೆ ಫೋನು ಮಾಡಿ, ಬರುವುದು ತಡವಾಗುತ್ತದೆ ಎಂದೆ.

"ಯಾಕ್ರಿ ಮೇಡಮ್, ಆರಾಮಿಲ್ಲೇನ್ರಿ?"

"ಆರಾಮ ಇದ್ದೇನ್ರಿ. ನಮ್ಮ ಅತ್ತಿ ಜಳಕ ಮಾಡ್ಲಾಕತ್ತಾರ."